ಮಗುವಿನ ಹಾಲಿಗೆ ಸಕ್ಕರೆ ಯಾಕೆ?

ಸಹೋದರಿಯರೇ, ಜೋಳ, ಅನ್ನ ಅತಿಯಾಗಿ ತಿಂದ ಎಮ್ಮೆಯ ಹೊಟ್ಟೆಯಲ್ಲಿ ಹುಳಿ ಏರಿ, ಅದು ಮೇವು ಬಿಡುವುದು ನಿಮಗೆ ಗೊತ್ತು. ಮಗುವಿನ ಬಾಯಲ್ಲೂ ಹಾಗೆಯೇ. ಹಲ್ಲಿಗೆ ಅಂಟಿದ ಸಕ್ಕರೆಯನ್ನು ಸೂಕ್ಷ್ಮಾಣುಗಳು ಹುಳಿ ಮಾಡುತ್ತವೆ. ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಬೆಲ್ಲವೂ ಇದಕ್ಕೆ ಹೊರತಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಬ್ಬಿನ ಸೀಮೆ. ಸಿಹಿಯನ್ನೇ ಬಿಡಿ ಎನ್ನುವುದಿಲ್ಲ. ಕರದಂಟನ್ನು ಊಟದ ಜೊತೆ ಕೊಡಿ, ದಿನವಿಡೀ ಬಾಯಾಡಿಸಲು ಬೇಡ. ಆದರೆ ಮಲಗುವಾಗ ಸಕ್ಕರೆ ಹಾಲು ಬೇಡವೇ ಬೇಡ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಸಿಹಿ ಹಲ್ಲಿನ ಮೇಲೆಯೇ ಉಳಿಯುತ್ತದೆ. ಸುಮಾರು 6ನೇ ವರ್ಷಕ್ಕೆ ಬರುವ ದವಡೆ ಹಲ್ಲು ಕೊಳೆತು ಹೋದರೆ ಮತ್ತೆ ಹುಟ್ಟದು.

ಡೇರಿಗೆ ಹಾಕುವ ಮೊದಲು ಮಗುವಿಗೊಂದು ಲೋಟ ತೆಗೆದಿಡಿ. ಕಾಯಿಸಿ, ಸಕ್ಕರೆ ಹಾಕದೆ ಕುಡಿಸಿ, ಹಲ್ಲುಜ್ಜಿಸಿ ಮಲಗಿಸಿ. ಹಾಲಿಗೆ ಅದರದೇ ಸಿಹಿ ಇದೆ.

– ಪಶುವೈದ್ಯಾಧಿಕಾರಿ