ಕಾಯಿಲೆಗೂ ಮಸ್ಟರು ಪುಸ್ತಕವೆ?

"ವಂತಿಗೆ ಕಟ್ಟಿದವನಿಗೆ ರಕ್ಷಣೆ, ಕಟ್ಟದವನಿಗೆ ಏತಕ್ಕೆ?" ಎಂದು ಧಣಿಗಳೂ ಅವರ ಪರವಾಗಿ ಮಾತನಾಡುವವರೂ ಕೇಳುತ್ತಾರೆ. ಮಾತು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಈ ನ್ಯಾಯವನ್ನು ತೂಗಿದ ತಕ್ಕಡಿ ಯಾರದು ಎಂಬುದನ್ನು ಶ್ರಮಜೀವಿಗಳು ನೋಡಬೇಕಾಗಿದೆ.

ನಾವೆಲ್ಲ ಬಲ್ಲ ಇ.ಎಸ್.ಐ. ಯೋಜನೆ 1948ರ ಕಾನೂನಿನಿಂದ ಹುಟ್ಟಿ, 1952ರಲ್ಲಿ ಮೊದಲು ಕಾನಪುರ ಮತ್ತು ದೆಹಲಿಗಳಲ್ಲಿ ಜಾರಿಗೆ ಬಂತು. ಅದನ್ನು ನಾವು ಹಗುರವಾಗಿ ಕಾಣುವವರಲ್ಲ. ಅದರ ಔಷಧ, ಹೆರಿಗೆ ಭತ್ಯಗಳು ಎಷ್ಟೋ ಮನೆಗಳನ್ನು ಬಡ್ಡಿ ಸಾಹುಕಾರನ ಕೈಯಿಂದ ಉಳಿಸಿವೆ. 2019ರಲ್ಲಿ ಕೂಲಿಯ ನೂರು ರೂಪಾಯಿಗೆ ಕಾರ್ಮಿಕನ ವಂತಿಗೆ 75 ಪೈಸೆ, ಮಾಲೀಕನದು 3 ರೂಪಾಯಿ 25 ಪೈಸೆ ಎಂದು ಗೊತ್ತಾಯಿತು. ಆದರೆ ಈ ಕಟ್ಟಡ ನಿಂತಿರುವುದು ಮಸ್ಟರು ಪುಸ್ತಕದ ಮೇಲೆ.

ಬದಲಿ ಕಾರ್ಮಿಕನನ್ನು ನೋಡಿ. ತಿಂಗಳಿಗೆ ಹತ್ತು ಪಾಳಿ ಸಿಕ್ಕರೆ ಆರು ತಿಂಗಳಿಗೆ 60 ದಿನ. ಕಾಯಿಲೆ ಭತ್ಯಕ್ಕೆ ಯೋಜನೆ ಕೇಳುತ್ತ ಬಂದಿರುವುದು 78 ದಿನಗಳ ವಂತಿಗೆ. ಅರುವತ್ತು ದಿನದ ವಂತಿಗೆ ಹಿಡಿದುಕೊಂಡದ್ದಾಯಿತು. ಅವನು ಜ್ವರ ಬಂದು ಮಲಗಿದರೆ ಭತ್ಯವಿಲ್ಲ. ಕೆಲಸ ಕಡಿಮೆ ಸಿಕ್ಕವನಿಗೇ ರಕ್ಷಣೆಯೂ ಇಲ್ಲ! ಇದೆಂಥ ಲೆಕ್ಕ?

ಗಿರಣಿಯ ಹೊರಗೆ ಸ್ಥಿತಿ ಇನ್ನೂ ಕಡೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಹೆಂಗಸರು ಗಂಡಸರು ಬೆಂಕಿಯ ಮುಂದೆ ಬೇಯುತ್ತಾರೆ. ಹತ್ತು ಜನ ಕೂಲಿಗಳಿಲ್ಲದ ಕಡೆ ಇ.ಎಸ್.ಐ. ಸಾಮಾನ್ಯವಾಗಿ ಕಡ್ಡಾಯವಲ್ಲ. ಸಣ್ಣ ವ್ಯಾಪಾರಿಗೆಂದು 2019ರಲ್ಲಿ ಬಂದ ಪಿಂಚಣಿ ಯೋಜನೆ, ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ 60 ದಾಟಿದ ಮೇಲೆ 3,000 ರೂಪಾಯಿ ಕೊಡುತ್ತೇವೆಂದಿತು. ವಯಸ್ಸು 40 ಮೀರಿದ್ದವನಿಗೆ ಮಾತ್ರ ಬಾಗಿಲು ಮುಚ್ಚಿತ್ತು.

ಇವರೆಲ್ಲ ಏನೂ ಕೊಡದವರೇ? ಸಾಬೂನಿನಿಂದ ಚಪ್ಪಲಿಯವರೆಗೆ ಜಿ.ಎಸ್.ಟಿ. ತೆರುತ್ತಿದ್ದಾರೆ. ಇತ್ತ 2015ರಲ್ಲಿ ಸಂಪತ್ತಿನ ತೆರಿಗೆ ರದ್ದಾಯಿತು. 2019ರಲ್ಲಿ, ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ಮೂಲ ತೆರಿಗೆ ಶೇಕಡ 30ರಿಂದ 22ಕ್ಕೆ ಇಳಿಯಿತು. ಹೀಗೆ ಬಿಟ್ಟುಕೊಟ್ಟ ಮೇಲೆ "ಬೊಕ್ಕಸದಲ್ಲಿ ಹಣವಿಲ್ಲ" ಎಂದರೆ ನಂಬುವವರು ಯಾರು?

ನಮ್ಮ ಸಂಗಾತಿಗಳಲ್ಲೇ ಕೆಲವರು, "ವಂತಿಗೆಯಿಂದ ಬಂದದ್ದು ಹಕ್ಕು, ತೆರಿಗೆಯಿಂದ ಬಂದದ್ದು ಸರಕಾರದ ಭಿಕ್ಷೆ, ಇಂದು ಕೊಟ್ಟು ನಾಳೆ ಕಿತ್ತಾರು" ಎನ್ನುತ್ತಾರೆ. ಈ ಅಂಜಿಕೆ ಹುಸಿಯಲ್ಲ. ಎಂಬತ್ತು ತುಂಬದ ಬಡ ವೃದ್ಧರ ಪಿಂಚಣಿಗೆ ಕೇಂದ್ರದ ಪಾಲು 2006ರಲ್ಲಿ 200 ರೂಪಾಯಿ ಆದುದು, ಹದಿನೈದು ವರ್ಷ ಕಳೆದರೂ ಕದಲಲಿಲ್ಲ. ಆದರೆ ಮೀಸಲು ನಿಧಿಗಾದರೂ ಯಾವ ಭದ್ರತೆ? ಬೀಡಿ ಕಾರ್ಮಿಕರ ಕ್ಷೇಮನಿಧಿಗೆಂದು 1976ರ ಕಾನೂನು ವಿಧಿಸಿದ ಸೆಸ್ಸನ್ನು 2017ರಲ್ಲಿ ಜಿ.ಎಸ್.ಟಿ. ಬಂದಾಗ ತೆಗೆದುಹಾಕಿದರು. ಸಂಘಟನೆ ಸಡಿಲವಾದರೆ ಯಾವ ರಸೀದಿಯೂ ನಮ್ಮನ್ನು ಕಾಯದು.

ಬ್ರಿಟನ್ನಿನಲ್ಲಿ 1948ರಲ್ಲಿ ಕಾರ್ಮಿಕ ಪಕ್ಷದ ಸರಕಾರ ತೆರೆದ ರಾಷ್ಟ್ರೀಯ ಆರೋಗ್ಯ ಸೇವೆ ಬಹುಪಾಲು ಸಾಮಾನ್ಯ ತೆರಿಗೆಯಿಂದಲೇ ನಡೆದುಬಂದಿದೆ. ಯುದ್ಧದಿಂದ ಜರ್ಝರಿತವಾದ ದೇಶಕ್ಕೆ ಸಾಧ್ಯವಾದುದು ನಮಗೇಕೆ ಅಸಾಧ್ಯ?

ನಮ್ಮ ಒತ್ತಾಯ ಇಷ್ಟೆ: ಔಷಧ, ಹೆರಿಗೆಯ ನೆರವು, ಮುಪ್ಪಿನ ಅನ್ನ, ಇವು ಮಸ್ಟರಿನಲ್ಲಿ ಹೆಸರಿದ್ದವನಿಗೂ ಇಲ್ಲದವನಿಗೂ ಸಾಮಾನ್ಯ ಬೊಕ್ಕಸದಿಂದ ಸಲ್ಲಬೇಕು. ಆ ಬೊಕ್ಕಸ ಬಡವನ ಸಾಬೂನಿನಿಂದಲ್ಲದೆ, ಲಾಭದಿಂದಲೂ ಆಸ್ತಿಯಿಂದಲೂ ತುಂಬಬೇಕು. ಅಲ್ಲಿಯವರೆಗೆ ಮಾಲೀಕನ ಪಾಲಿನಲ್ಲಿ ಒಂದು ಪೈಸೆಯೂ ಇಳಿಯಕೂಡದು. ಗಿರಣಿಯ ಕಾರ್ಮಿಕನೂ ಅಂಗಡಿಯ ವ್ಯಾಪಾರಿಯೂ ಇದನ್ನು ಒಂದೇ ದನಿಯಲ್ಲಿ ಕೇಳಬೇಕು. ಬೇರೆ ಬೇರೆ ಕೇಳಿದರೆ ಇಬ್ಬರಿಗೂ ಸಿಗುವುದು ಆಶ್ವಾಸನೆ ಮಾತ್ರ.