ಒಂದ ಹಾಡಿಗಿ ಕುಣದ್ರ ಮುಗೀತೇನ್ರಿ?

ಹೋದ ತಿಂಗಳ ನಮ್ಮ ನೆಗೆಣ್ಣಿ ಮಗಳ ಮದಿವ್ಯಾಗ ನೀವೂ ಭಾಳ ಮಂದಿ ಬಂದಿದ್ರಿ. ಅರಿಷಿಣದ ದಿನ ಹುಡುಗ್ಯಾರು ಮದುಮಗಳಿಗಿ ನಡುವ ನಿಲ್ಲಿಸಿ ‘ನಾಗಮಂಡಲ’ ಸಿನೆಮಾದ ಗೊಂಬಿ ಹಾಡು ಹಚ್ಚಿದ್ರು. ಫೋನಿನ್ಯಾಗ ವಿಡಿಯೋ ತೆಗದ್ರು, ಚಪ್ಪಾಳಿ ಹೊಡದ್ರು, ಅರ್ಧಕ್ಕೇ ಬಂದ್ ಮಾಡಿ ಬ್ಯಾರೆ ಹಾಡು ಹಚ್ಚಿದ್ರು. ನಾ ಸುಮ್ಮ ಕುಂತೆ. ಅವತ್ತ ಆಡಲಾರದ ಮಾತು ಇವತ್ತ ಬರೀಲಾಕತ್ತೀನಿ, ಸಿಟ್ಟಾಗಬ್ಯಾಡ್ರಿ.

ಹಾಡು ಛಲೋನೇ ಅದ. ಆದ್ರ ಅದು ಯಾರ ಹಾಡು? ಗಿರೀಶ ಕಾರ್ನಾಡರ ನಾಟಕ ಅದು. 1997ರಾಗ ನಾಗಾಭರಣ ಅವರು ಸಿನೆಮಾ ಮಾಡಿದ್ರು. ಸಂಗೀತ ಸಿ. ಅಶ್ವಥ್ ಅವರದು, ಹಾಡು ಬರದವರು ಗೋಪಾಲ ಯಾಜ್ಞಿಕ. ಅದೂ ನಮ್ಮ ಉತ್ತರ ಕರ್ನಾಟಕದ ಮಾತಿನ್ಯಾಗ. ಕತ್ಯಾಗ ರಾಣಿಗಿ ಗಂಡ ಮನಿಯಾಗ ಇಟ್ಟು ಹೊರಗಿಂದ ಕೀಲಿ ಹಾಕ್ತಾನ. ಮಧ್ಯಾಹ್ನ ಬಂದು ಉಂಡು ಹೋಗ್ತಾನ. ಮಾತಾಡ್ಲಾಕ ಒಂದು ಜೀವ ಇಲ್ಲ. ಅಂಥ ಮನಿಯಾಗಿನ ಗೊಂಬಿ ಅದು. ಮುಂದ ಬಸರಾದಾಗ ಅಕಿ ಮ್ಯಾಲೇ ಸಂಶಯ. ಪಂಚಾಯ್ತಿ ಕೂಡಿಸಿ, ಹಾವಿನ ಹುತ್ತಿನ್ಯಾಗ ಕೈ ಇಡಸ್ತಾರ. ಆ ಕ್ಯಾಸೆಟ್‌ನ್ಯಾಗ ಹತ್ತಕ್ಕೂ ಮಿಕ್ಕಿ ಹಾಡು ಅವ. ನಾವು ಕೇಳೋದು ಎರಡು.

ನಮ್ಮನಿಯವರು ಹುಮನಾಬಾದಿಂದ ಆ ಕ್ಯಾಸೆಟ್ ತಂದಾಗ ನನ್ನ ಮಗ ತೊಟ್ಟಿಲಾಗ ಇದ್ದ. ನಮ್ಮತ್ತಿ ಅಕ್ಷರ ಕಲತವರಲ್ಲ. ರೊಟ್ಟಿ ಬಡಕೋತ ಕೇಳ್ತಿದ್ರು. ನಾ ಗೊತ್ತಿಲ್ಲದ ಹಾಡು ಮುಂದಕ್ಕ ಓಡಸ್ಲಾಕ ಹೋದ್ರ, ‘ಇರ್ಲಿ ಬಿಡವಾ, ಅಕಿ ಮುಂದ ಏನಾದ್ಳು ಕೇಳಾಮ’ ಅಂತಿದ್ರು. ಪಿ.ಯು.ಸಿ. ಕಲತಾಕಿ ನಾನು, ನನಗ ಆ ಬುದ್ಧಿ ಇರಲಿಲ್ಲ. ಮದಿವ್ಯಾಗಿ ಕೊಡಂಬಲಕ್ಕ ಬಂದ ಹೊಸದರಾಗ ನನಗ ಯಾರೂ ಕೀಲಿ ಹಾಕಿರ್ಲಿಲ್ಲ, ಖರೇ. ಆದ್ರೂ ಪಡಸಾಲಿ ಕಂಬದ ಮುಂದ ಕುಂತು ಒಬ್ಬಾಕೇ ಮಾತಾಡಿದ್ದು ನೆನಪದ. ಅತ್ತಿ ಜೋಡಿ ಪೂರಾ ಕ್ಯಾಸೆಟ್ ಕೇಳಿದ ಮ್ಯಾಲೇ ಅವರಿಗಿ ಆ ಮಾತು ಹೇಳ್ದೆ. ಅವರೂ ತಮ್ಮದು ಹೇಳಿದ್ರು.

‘ಈಗ ಎಲ್ಲಾ ಫೋನಿನ್ಯಾಗ ಅದಾವಲ್ಲ ಅಕ್ಕ’ ಅಂತೀರಿ. ಅದಾವ, ಆದ್ರ ಹಚ್ಚೋರು ಯಾರು? ಫೋನು ನೀವು ನಿನ್ನೆ ಕೇಳಿದ್ದೇ ಇವತ್ತ ತಂದು ಮುಂದ ಇಡ್ತದ. ಹಂಗ ನೋಡಿದ್ರ 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟಿಂದೂ ಇದೇ ಹಣೆಬರಹ. ನಿಸಾರ್ ಅಹಮದರ ಕವಿತಾ, ಮೈಸೂರು ಅನಂತಸ್ವಾಮಿ ಅವರ ಸಂಗೀತ. ಜೋಗದ ಹಾಡೊಂದು ಶಾಲಿ ಶಾಲಿಗಿ ಮುಟ್ಟಿತು, ಉಳದವು ಎಷ್ಟು ಮಂದಿಗಿ ಗೊತ್ತವ?

‘ಉಳದ ಹಾಡು ಸಪ್ಪಗ ಇರ್ತಾವ’ ಅಂತನೂ ಅಂತೀರಿ. ಕೆಲವು ಖರೇನೇ ಸಪ್ಪಗ ಅವ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಕೇಳಲಾರದೇ ಸಪ್ಪಗ ಅಂದ್ರ, ಅಡಗಿ ರುಚಿ ನೋಡಲಾರದೇ ಉಪ್ಪಿಲ್ಲ ಅಂದಂಗ.

ಕುಣೀಬ್ಯಾಡ್ರಿ ಅಂತ ನಾ ಅನ್ನಲಾಕತ್ತಿಲ್ಲ. ಕುಣೀರಿ. ಆದ್ರ ಹುಡುಗಿಗಿ ಗೊಂಬಿ ಹಾಡಿಗಿ ನಿಲ್ಲಸೋ ಮೊದಲ, ಒಂದು ದಿನ ಸೊಪ್ಪು ಸೋಸಕೋತ ಅಕಿ ಜೋಡಿ ಕುಂತು ಎಲ್ಲಾ ಹಾಡು ಕೇಳ್ರಿ. ನಡುವ ಅಕಿ ಏನರ ಹೇಳ್ಲಾಕ ಹೊಂಟ್ರ, ಹಾಡು ಬಂದ್ ಮಾಡಿ ಅಕಿ ಮಾತು ಕೇಳ್ರಿ.