ಬಾಯಿ ಒಣಗಿದವರ ಮಾತು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಪ್ರೌಢಶಾಲೆಯಲ್ಲಿ ವಿಸ್ತರಿಸಿ ಬರೆದವರೇ. ಮಿತವಾಗಿ ಉಣ್ಣಬೇಕು, ಹಿತವಾಗಿ ಆಡಬೇಕು ಎಂದು ಎರಡು ಪುಟ ತುಂಬಿಸಿ ಅಂಕ ಪಡೆದೆವು. ಆದರೆ ಊಟಕ್ಕೂ ಮಾತಿಗೂ ಬಾಯಿ ಬೇಕು, ಬಾಯಿಗೆ ತೇವ ಬೇಕು ಎಂಬುದು ಆಗ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಆ ತೇವವೇ ಇಲ್ಲದವರು ಊಟವನ್ನು ಬಲ್ಲುದು ಹೇಗೆ? ಮಾತನ್ನು ಆಡುವುದು ಹೇಗೆ?

ನಾನು ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುತ್ತಿರುವ ಅಂತಿಮ ವರ್ಷದ ಕಲಾ ವಿದ್ಯಾರ್ಥಿ. ವೈದ್ಯಶಾಸ್ತ್ರದ ವಿಷಯದಲ್ಲಿ ಲೇಖನಿ ಹಿಡಿದದ್ದನ್ನು ಉದ್ಧಟತನವೆಂದು ಪೂಜ್ಯ ಉಪನ್ಯಾಸಕರು ಭಾವಿಸಬಾರದು. ನನ್ನನ್ನು ಈ ವಿಷಯಕ್ಕೆ ಕರೆತಂದವರು ನನ್ನ ಅಜ್ಜಿ.

ಅಜ್ಜಿಗೆ ಎಲೆಯಡಿಕೆಯ ಜೊತೆಗೆ ಹೊಗೆಸೊಪ್ಪಿನ ಅಭ್ಯಾಸವಿತ್ತು. ನಾಲ್ಕು ವರ್ಷಗಳ ಹಿಂದೆ ಕೆನ್ನೆಯ ಒಳಗೆ ಹುಣ್ಣಾಯಿತು. ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಎಂದರು. ಶಸ್ತ್ರಚಿಕಿತ್ಸೆಯಾಯಿತು, ಆ ಮೇಲೆ ವಿಕಿರಣ ಚಿಕಿತ್ಸೆ, ಅಂದರೆ ನಮ್ಮ ಊರಿನವರು ‘ಕರೆಂಟು ಕೊಡಿಸುವುದು’ ಎನ್ನುವ ಚಿಕಿತ್ಸೆಯೂ ಆಯಿತು. ಅಜ್ಜಿ ಬದುಕಿದರು. ಆ ವೈದ್ಯರ ಉಪಕಾರವನ್ನು ನಮ್ಮ ಮನೆಯವರು ಎಂದಿಗೂ ಮರೆಯಲಾರರು. ಆದರೆ ಅಂದಿನಿಂದ ಅಜ್ಜಿಯ ಬಾಯಿ ಒಣಗಿದ್ದು ಇಂದಿಗೂ ಒಣಗಿಯೇ ಇದೆ. ಮುದ್ದೆಯಂತೂ ಅಗಿಯದೆ ನುಂಗುವ ಪದಾರ್ಥ. ಆದರೂ ಬಟ್ಟಲು ಸಾರಿಲ್ಲದೆ ಒಂದು ತುತ್ತೂ ಗಂಟಲಿನಲ್ಲಿ ಇಳಿಯುವುದಿಲ್ಲ. ರೊಟ್ಟಿಯ ಮಾತನ್ನು ಆಡುವಂತೆಯೇ ಇಲ್ಲ. ರಾತ್ರಿ ನಾಲ್ಕು ಸಲ ಎದ್ದು ತಲೆದೆಸೆಯ ಚೊಂಬಿನಿಂದ ಬಾಯಿ ನೆನೆಸಿಕೊಳ್ಳುತ್ತಾರೆ. ಊರಿನ ಮದುವೆಗಳಲ್ಲಿ ಸೋಬಾನೆ ಹೇಳುತ್ತಿದ್ದವರು ಈಗ ಎರಡು ಸಾಲು ಹೇಳುವಷ್ಟರಲ್ಲಿ ನಾಲಗೆ ಅಂಗಳಕ್ಕೆ ಅಂಟಿಕೊಳ್ಳುತ್ತದೆಂದು ಮದುವೆಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ಕಳೆದ ವರ್ಷ ತಪಾಸಣೆಯಾದ ಮೇಲೆ ಆಸ್ಪತ್ರೆಯವರು ಒಂದು ಕಾಗದ ಕೊಟ್ಟರು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ನಾನೊಬ್ಬನೇ. ‘ರೋಗದ ಲಕ್ಷಣಗಳಿಲ್ಲ’ ಎಂದು ಬರೆದಿದ್ದುದನ್ನು ಓದಿ ಸಂತೋಷದಿಂದ ಹೇಳಿದೆನು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಾಯಿ ಒಣಗೋ ವಿಚಾರ ಏನ್ ಬರ್ದವ್ರೆ ಮಗಾ?” ಎಂದು ಕೇಳಿದರು. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಏನೂ ಬರೆದಿರಲಿಲ್ಲ.

ಈ ಲೇಖನಕ್ಕೆ ಆ ಪ್ರಶ್ನೆಯೇ ಕಾರಣ. ಕೊಲ್ಲದ ಕಾಯಿಲೆಯೂ ಕಾಯಿಲೆಯೇ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದಿಷ್ಟೇ ನನ್ನ ವಾದ.

ನಮ್ಮ ಭಾಷೆಯಲ್ಲಿ ದಾಹಕ್ಕೆ ‘ಬಾಯಾರಿಕೆ’ ಎಂಬ ಹೆಸರಿದೆ. ಬಾಯಿ ಆರುವುದು, ಎಂದರೆ ಒಣಗುವುದು ಎಂದು ಅದರ ಅರ್ಥ. ಹೀಗಾಗಿ ಬಾಯಿ ಒಣಗಿತೆಂದರೆ ‘ನೀರು ಕುಡಿ’ ಎನ್ನುವುದು ನಮಗೆ ಸಹಜ. ಆದರೆ ಅಜ್ಜಿಯದು ನೀರಿನಿಂದ ತೀರುವ ಬಾಯಾರಿಕೆಯಲ್ಲ. ಕಿವಿಯ ಮುಂದೆ, ದವಡೆಯ ಅಡಿಯಲ್ಲಿ, ನಾಲಗೆಯ ಕೆಳಗೆ ಹೀಗೆ ಮೂರು ಜೊತೆ ದೊಡ್ಡ ಲಾಲಾಗ್ರಂಥಿಗಳೂ, ಬಾಯಿಯ ಒಳಪದರದಲ್ಲಿ ನೂರಾರು ಸಣ್ಣ ಗ್ರಂಥಿಗಳೂ ನಮಗಿವೆ. ಇವು ದಿನವೊಂದಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರಿನಷ್ಟು ಲಾಲಾರಸವನ್ನು ಸುರಿಸುತ್ತವೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ. ಉಳಿದ ಒಂದು ಪಾಲಿನಲ್ಲಿ ಬಾಯಿಯ ಸಂಸಾರವೆಲ್ಲ ನಡೆಯುತ್ತದೆ. ಪಿಷ್ಟವನ್ನು ಒಡೆಯುವ ಕಿಣ್ವ, ತುತ್ತನ್ನು ಜಾರಿಸುವ ಲೋಳೆ, ಹಲ್ಲನ್ನು ಕಾಯುವ ಕ್ಯಾಲ್ಸಿಯಂ, ಕ್ರಿಮಿಗಳನ್ನು ತಡೆಯುವ ಪದಾರ್ಥಗಳು ಎಲ್ಲವೂ ಅದರಲ್ಲಿವೆ. ಅದು ಬತ್ತಿದರೆ ಹಲ್ಲು ಹುಳುಕಾಗುತ್ತದೆ, ಬಾಯಲ್ಲಿ ಬೂಷ್ಟಿನ ಸೋಂಕು ಹತ್ತುತ್ತದೆ, ರುಚಿ ಕೆಡುತ್ತದೆ. ನಾವು ‘ಎಂಜಲು’ ಎಂದು ಹೇಸುವ ವಸ್ತುವಿನ ಬೆಲೆ ಇಷ್ಟು!

ಇದು ಕ್ಯಾನ್ಸರ್ ರೋಗಿಗಳ ಕಷ್ಟ ಮಾತ್ರವಲ್ಲ. ನೆಗಡಿ, ಅಲರ್ಜಿ, ಮನೋವ್ಯಾಕುಲತೆ, ರಕ್ತದೊತ್ತಡ ಮೊದಲಾದವುಗಳಿಗೆ ಕೊಡುವ ಎಷ್ಟೋ ಔಷಧಗಳಿಂದಲೂ ಬಾಯಿ ಒಣಗುವುದುಂಟು. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿವರಿಸಿದ, ಈಗ ಅವರ ಹೆಸರಿನಿಂದಲೇ ಕರೆಯುವ ರೋಗದಲ್ಲಿ, ದೇಹದ ರಕ್ಷಣಾ ಪಡೆಯೇ ಕಣ್ಣೀರಿನ ಮತ್ತು ಲಾಲಾರಸದ ಗ್ರಂಥಿಗಳ ಮೇಲೆ ಬೀಳುತ್ತದೆ. ಆ ರೋಗಿಗಳಲ್ಲಿ ಹೆಚ್ಚಿನವರು ಸ್ತ್ರೀಯರು.

ಇನ್ನು ಚಿಕಿತ್ಸೆಯ ಸಂಶೋಧನೆ ಎಲ್ಲಿಯವರೆಗೆ ಬಂದಿದೆಯೆಂಬುದನ್ನು ನೋಡೋಣ. ನಾನು ಓದಿ ತಿಳಿದಂತೆ ಅದು ಮೂರು ದಾರಿಗಳಲ್ಲಿ ಸಾಗಿದೆ.

ಮೊದಲನೆಯದು, ಉಳಿದ ಗ್ರಂಥಿಯನ್ನು ಎಬ್ಬಿಸಿ ದುಡಿಸುವುದು. ಬ್ರೆಜಿಲ್ ದೇಶದಲ್ಲಿ ಜಬೊರಾಂಡಿ ಎಂಬ ಗಿಡವಿದೆ. ಅದರ ಎಲೆಯನ್ನು ತಿಂದರೆ ಜೊಲ್ಲು ಸುರಿಯುವುದೆಂದು ಅಲ್ಲಿನ ಮೂಲನಿವಾಸಿಗಳು ಅರಿತಿದ್ದರು. 1875ರಲ್ಲಿ ಆ ಎಲೆಯಿಂದ ಪೈಲೊಕಾರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಸ್ವಲ್ಪ ಕಾಲದಲ್ಲಿಯೇ ಅದು ಗ್ಲಾಕೋಮ ಎಂಬ ಕಣ್ಣಿನ ರೋಗಕ್ಕೆ ಮದ್ದಾಯಿತು. ಆದರೆ ವಿಕಿರಣದಿಂದ ಬಾಯಿ ಒಣಗಿದವರಿಗೆ ಅದನ್ನು ಮಾತ್ರೆಯಾಗಿ ಕೊಡಲು ಅಮೆರಿಕದಲ್ಲಿ ಅನುಮತಿ ದೊರೆತದ್ದು 1994ರಲ್ಲಿ! ಜೊಲ್ಲು ಬರಿಸುತ್ತದೆಯೆಂದೇ ಹೆಸರಾದ ಮದ್ದು ಜೊಲ್ಲಿಲ್ಲದವರನ್ನು ತಲಪಲು 119 ವರ್ಷಗಳಾದುವು. ಇದಕ್ಕೆ ಹಲವು ಕಾರಣಗಳಿರಬಹುದು. ಬಾಯಿ ಒಣಗುವುದನ್ನು ಯಾರೂ ದೊಡ್ಡದೆಂದು ಎಣಿಸದಿದ್ದುದೂ ಒಂದು ಕಾರಣವೆಂದು ನನಗೆ ತೋರುತ್ತದೆ. ಈ ಮಾತ್ರೆಯಿಂದ ಬೆವರು ಸುರಿಯುತ್ತದೆ, ಹತೋಟಿಗೆ ಬಾರದ ಉಬ್ಬಸವುಳ್ಳವರಿಗೆ ಇದು ಆಗದು. ಗ್ರಂಥಿ ಪೂರ್ತಿ ಸತ್ತಿದ್ದರೆ ಎಬ್ಬಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ಇಲ್ಲೊಂದು ವಿಪರ್ಯಾಸವನ್ನೂ ಹೇಳಬೇಕು. ನಮ್ಮ ನಾಡಿನ ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಸಾರವೂ ಪೈಲೊಕಾರ್ಪಿನ್ ತಟ್ಟುವ ಬಾಗಿಲನ್ನೇ ತಟ್ಟಿ ಬಾಯಲ್ಲಿ ನೀರು ತರಿಸುತ್ತದೆ. ಆದರೆ ಅಡಿಕೆ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸಾರಿದೆ. ಬಾಯಲ್ಲಿ ನೀರೂರಿಸಿದ ಎಲೆಯಡಿಕೆಯೇ ಅಜ್ಜಿಯ ಬಾಯಿ ಒಣಗುವುದಕ್ಕೂ ದಾರಿಮಾಡಿತು.

ಎರಡನೆಯ ದಾರಿ, ಗ್ರಂಥಿಯನ್ನು ಮೊದಲೇ ಉಳಿಸಿಕೊಳ್ಳುವುದು. ವಿಕಿರಣದ ಪ್ರಮಾಣವನ್ನು ಗಡ್ಡೆಯ ಆಕಾರಕ್ಕೆ ತಕ್ಕಂತೆ ಹೊಂದಿಸಿ ಕಿವಿಯ ಮುಂದಿನ ಗ್ರಂಥಿಗೆ ಆದಷ್ಟು ಕಡಿಮೆ ತಾಗುವಂತೆ ಮಾಡುವ ಹೊಸ ವಿಧಾನವೊಂದಿದೆ. ಬ್ರಿಟನ್ನಿನಲ್ಲಿ 94 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದ ಬಳಿಕ, ಹಳೆಯ ವಿಧಾನದಲ್ಲಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 74 ಮಂದಿಗೆ ಬಾಯಿ ಸಾಕಷ್ಟು ಒಣಗಿತ್ತು. ಹೊಸ ವಿಧಾನದವರಲ್ಲಿ ನೂರಕ್ಕೆ 38 ಮಂದಿಗೆ ಮಾತ್ರ. ನಮ್ಮ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರೂ 60 ರೋಗಿಗಳಲ್ಲಿ ಪರೀಕ್ಷೆ ನಡೆಸಿ 2012ರಲ್ಲಿ ಪ್ರಕಟಿಸಿದರು. ಚಿಕಿತ್ಸೆಯ ಕಾಲದಲ್ಲಿ ಲಾಲಾಗ್ರಂಥಿಗೆ ತಕ್ಕಮಟ್ಟಿಗೆ ಹಾನಿಯಾದವರ ಪ್ರಮಾಣ ನೂರಕ್ಕೆ 89ರಿಂದ 59ಕ್ಕೆ ಇಳಿದಿತ್ತು. ಈ ವಿಧಾನಕ್ಕೆ ಖರ್ಚು ಹೆಚ್ಚು, ನುರಿತ ಕೈಗಳೂ ಬೇಕು. ಆದುದರಿಂದ ಎಲ್ಲ ಆಸ್ಪತ್ರೆಗಳಲ್ಲಿಯೂ ಇದು ದೊರೆಯುವುದಿಲ್ಲ.

ಮೂರನೆಯದು, ಕೆಟ್ಟ ಗ್ರಂಥಿಯನ್ನು ರಿಪೇರಿ ಮಾಡುವುದು. ಜೀವಕೋಶದ ಪೊರೆಯಲ್ಲಿ ನೀರು ಹರಿಯುವ ಕಾಲುವೆಗಳಿವೆಯೆಂದು ತೋರಿಸಿದ ಪೀಟರ್ ಆಗ್ರೆಯವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಅಂಥ ಕಾಲುವೆಯನ್ನು ಕಟ್ಟುವ ಜೀನನ್ನು ಒಣಗಿದ ಗ್ರಂಥಿಗೆ ಸೇರಿಸಿದರೆ ಹೇಗೆ ಎಂದು ಅಮೆರಿಕದ ವಿಜ್ಞಾನಿ ಬ್ರೂಸ್ ಬಾಮ್ ಮತ್ತು ಸಂಗಡಿಗರು ಯೋಚಿಸಿದರು. ವಿಕಿರಣ ಚಿಕಿತ್ಸೆ ಪಡೆದಿದ್ದ 11 ಮಂದಿಯಲ್ಲಿ ಪ್ರಯೋಗ ಮಾಡಿ 2012ರಲ್ಲಿ ವರದಿ ಪ್ರಕಟಿಸಿದರು. 5 ಮಂದಿಗೆ ಲಾಲಾರಸ ಹೆಚ್ಚಿ ಸಮಾಧಾನ ಸಿಕ್ಕಿತು. ಇದು ಆಸೆ ಹುಟ್ಟಿಸುವ ಸಂಗತಿಯೇ ಹೊರತು ನಾಳೆ ಅಂಗಡಿಯಲ್ಲಿ ಕೊಳ್ಳುವ ಔಷಧವಲ್ಲ. ಅಂಗಡಿಯಲ್ಲಿ ಸಿಗುವ ಕೃತಕ ಲಾಲಾರಸ, ಸಿಂಪಡಿಕೆ ಮುಂತಾದವುಗಳ ಬಗ್ಗೆಯಾದರೋ, 36 ಪರೀಕ್ಷೆಗಳನ್ನು ಒಟ್ಟಾಗಿ ತೂಗಿ ನೋಡಿದ 2011ರ ಕಾಕ್ರೇನ್ ಸಮೀಕ್ಷೆಯು ಯಾವುದೊಂದಕ್ಕೂ ಬಲವಾದ ಆಧಾರವಿಲ್ಲವೆಂದು ತೀರ್ಮಾನಿಸಿತು.

ಈ ವಿಷಯವನ್ನು ಚರ್ಚಿಸುವಾಗ ಸಹಪಾಠಿಯೊಬ್ಬನು, “ಬಡದೇಶದಲ್ಲಿ ಮೊದಲು ಜೀವ ಉಳಿಸುವುದು ದೊಡ್ಡದು. ಬಾಯಿ ಒಣಗಿತೆಂದು ಕೊರಗುವುದು ಉಳ್ಳವರ ಮಾತು” ಎಂದನು. ಅರ್ಥಶಾಸ್ತ್ರ ಓದುವವನಾದ ನನಗೂ ಹಣ ಮಿತವೆಂಬುದು ಗೊತ್ತು. ಆದರೆ ಮಿತ್ರನ ವಾದದಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದಾಗಿ, ಜೀವ ಮತ್ತು ಬಾಯಿ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ಅವನು ತಿಳಿದಿದ್ದಾನೆ. ಬ್ರಿಟನ್ನಿನ ಪರೀಕ್ಷೆಯಲ್ಲಿ ಗ್ರಂಥಿಯನ್ನು ಉಳಿಸಿದ ಮಾತ್ರಕ್ಕೆ ಹೆಚ್ಚು ಜೀವ ಹೋದದ್ದು ಕಂಡುಬರಲಿಲ್ಲ. ಎರಡನೆಯದಾಗಿ, ಉಳ್ಳವನ ಬಾಯಿ ಒಣಗಿದರೆ ಅವನಿಗೆ ಹಣ್ಣಿನ ರಸವಿದೆ, ದಂತವೈದ್ಯನಿದ್ದಾನೆ. ಮುದ್ದೆ ಸಾರಿನ ಮನೆಯಲ್ಲಿ ಬಾಯಿ ಒಣಗಿದರೆ ಊಟವೇ ತಪ್ಪುತ್ತದೆ. ಇದು ಬಡವರ ಕಾಯಿಲೆಯಲ್ಲವೆಂದು ಹೇಳುವವರು ನಮ್ಮ ಮನೆಯ ಪಂಕ್ತಿಯಲ್ಲಿ ಒಂದು ದಿನ ಕೂರಬೇಕು.

ಅಲ್ಲದೆ ಎಲ್ಲಕ್ಕೂ ದೊಡ್ಡ ಯಂತ್ರ ಬೇಕಿಲ್ಲ. ಬಾಯಿ ಎಷ್ಟು ಒಣಗಿದೆಯೆಂದು ಅಳೆಯಲು ಒಂದು ಲೋಟ, ಒಂದು ಗಡಿಯಾರ ಸಾಕು. ಸುಮ್ಮನೆ ಕುಳಿತು ಬಾಯಲ್ಲಿ ಊರಿದ್ದನ್ನು ಹದಿನೈದು ನಿಮಿಷ ಲೋಟಕ್ಕೆ ಉಗುಳಬೇಕು. ಅದು ಒಂದೂವರೆ ಮಿಲಿಲೀಟರಿಗಿಂತ ಕಡಿಮೆಯಾದರೆ ಗ್ರಂಥಿ ಸೊರಗಿದೆಯೆಂದು ಅರ್ಥ. ಇಷ್ಟನ್ನು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಮಾಡಬಹುದು. ವಿಕಿರಣ ಚಿಕಿತ್ಸೆ ಪಡೆದ ಪ್ರತಿಯೊಬ್ಬರನ್ನೂ ‘ಬಾಯಿ ಒಣಗುತ್ತದೆಯೆ?’ ಎಂದು ಕೇಳಿ ಉತ್ತರವನ್ನು ಬರೆದುಕೊಳ್ಳಲಿ. ಹಲ್ಲು ಹುಳುಕಾಗದಂತೆ ಫ್ಲೋರೈಡ್ ಹಚ್ಚುವುದು ಮೊದಲಾದ ಆರೈಕೆಯನ್ನು ಕನ್ನಡದಲ್ಲಿ ಅಚ್ಚು ಹಾಕಿ ಕೈಗೆ ಕೊಡಲಿ. ಬರೆದಿಟ್ಟರೆ ಲೆಕ್ಕ ಸಿಗುತ್ತದೆ, ಲೆಕ್ಕ ಸಿಕ್ಕರೆ ಸರಕಾರಕ್ಕೂ ಸಂಶೋಧಕರಿಗೂ ಕಣ್ಣಿಗೆ ಬೀಳುತ್ತದೆ. ಲೆಕ್ಕಕ್ಕೆ ಬಾರದ ದುಃಖಕ್ಕೆ ಯಾವ ಆಯವ್ಯಯದಲ್ಲಿಯೂ ಜಾಗವಿರುವುದಿಲ್ಲವೆಂಬುದು ನಾನು ಮೂರು ವರ್ಷ ಅರ್ಥಶಾಸ್ತ್ರ ಓದಿ ಕಲಿತ ಪಾಠ.

ವಾಚಕ ಮಿತ್ರರೇ, ನಮ್ಮಲ್ಲಿ ಅನೇಕರು ಮನೆಯಲ್ಲಿ ಮೊದಲು ಅಕ್ಷರ ಕಂಡವರು. ಆಸ್ಪತ್ರೆಯ ಕಾಗದ, ಬ್ಯಾಂಕಿನ ಕಾಗದ, ಕಚೇರಿಯ ಕಾಗದ ಎಲ್ಲವೂ ನಮ್ಮ ಕೈಗೇ ಬರುತ್ತವೆ. ಬರೆದಿರುವುದನ್ನು ಓದಿ ಹೇಳಿದರೆ ನಮ್ಮ ಕೆಲಸ ಮುಗಿಯಿತೆಂದು ನಾನೂ ತಿಳಿದಿದ್ದೆ. ಮುಂದಿನ ತಿಂಗಳು ಅಜ್ಜಿಯ ತಪಾಸಣೆಯಿದೆ. ಈ ಸಲ ನಾನು ಕಾಗದವನ್ನು ಈಸಿಕೊಂಡು ಸುಮ್ಮನೆ ಬರುವುದಿಲ್ಲ. “ಸ್ವಾಮೀ, ಇವರ ಬಾಯಿ ಒಣಗುತ್ತದೆ, ದಯವಿಟ್ಟು ಅದನ್ನೂ ಬರೆಯಿರಿ” ಎಂದು ಕೇಳಿ, ಬರೆಸಿಕೊಂಡೇ ಬರುತ್ತೇನೆ.